ಮನಿ ಮಾಣಿ: ಒಂದು ಸಬ್‌ಟೈಟಲ್ ತಂದ ಪೇಚು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನನ್ನ ತಪ್ಪೂ ಇದೆ. ಮುಂಬೈನ ಒಂದು ಕಾಲೇಜಿನಲ್ಲಿ ಮಾಧ್ಯಮ ಓದುವ ಮೂರನೇ ವರ್ಷದ ಹುಡುಗರ ಪ್ರಾಜೆಕ್ಟ್‌ಗೆ ನಾನು ಗೈಡ್ ಆಗಿದ್ದೆ. ಅವರು 14 ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದರು. ನಾನು ನೋಡಿ ಚೆನ್ನಾಗಿದೆ ಅಂದೆ. ಅಪ್‌ಲೋಡ್ ಆದ ನಾಲ್ಕನೇ ದಿನ ಅದರಲ್ಲಿ ಮಾತಾಡಿದ್ದ ಅಜ್ಜ ಫೋನ್ ಮಾಡಿ 'ಅದನ್ನ ತೆಗೀರಿ' ಅಂದರು. ಅಲ್ಲಿಂದ ಹತ್ತು ದಿನ ನಾವು ಆರೂ ಜನ ಓಡಾಡಿದ್ದು, ಜಗಳಾಡಿದ್ದು, ರಾತ್ರಿ ಕೂತು ಮತ್ತೆ ಎಡಿಟ್ ಮಾಡಿದ್ದು ಎಲ್ಲ ಬೇರೆ ಯಾವುದೋ ಸಮಸ್ಯೆಗೆ. ಅಜ್ಜನಿಗೆ ನೋವಾದದ್ದು ಯಾವುದಕ್ಕೆ ಅಂತ ಅಜ್ಜನನ್ನೇ ಯಾರೂ ಕೇಳಿರಲಿಲ್ಲ.

ಕಾಲೇಜು, ಹೋಟೆಲು, ಮನೆತನ, ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಊರು, ವಯಸ್ಸಿನಂಥ ಒಂದೆರಡು ಗುರುತು ಬದಲಿಸಿದ್ದೇನೆ. ಆಡಿದ ಮಾತುಗಳನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಇಡೀ ಪ್ರಕರಣ ಇರುವುದೇ ಆ ಮಾತುಗಳಲ್ಲಿ.

ಹಿನ್ನೆಲೆ

ಮುಂಬೈ ವಿಶ್ವವಿದ್ಯಾಲಯದಲ್ಲಿ ಈ ಕೋರ್ಸು 2000ದಲ್ಲಿ ಬಿಎಂಎಂ (ಬ್ಯಾಚುಲರ್ ಆಫ್ ಮಾಸ್ ಮೀಡಿಯಾ) ಅಂತ ಶುರುವಾಯಿತು. 2019ರಲ್ಲಿ ಹೆಸರು ಬದಲಾಗಿ ಬಿಎಎಂಎಂಸಿ (ಮಲ್ಟಿಮೀಡಿಯಾ ಮತ್ತು ಮಾಸ್ ಕಮ್ಯುನಿಕೇಶನ್‌ನಲ್ಲಿ ಬಿಎ) ಆಯಿತು. ಹುಡುಗರು ಈಗಲೂ ಬಿಎಂಎಂ ಅಂತಲೇ ಅನ್ನುತ್ತಾರೆ. ಕೊನೇ ವರ್ಷ ಜಾಹೀರಾತು ಅಥವಾ ಪತ್ರಿಕೋದ್ಯಮ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಜಾಸ್ತಿ ಜನ ಜಾಹೀರಾತಿಗೆ ಹೋಗುತ್ತಾರೆ, ದುಡ್ಡು ಅಲ್ಲಿದೆ. ಪತ್ರಿಕೋದ್ಯಮಕ್ಕೆ ಉಳಿಯುವವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಆಸೆ ಇರುತ್ತದೆ, ಉಳಿದ ಅರ್ಧಕ್ಕೆ ಕ್ಯಾಮೆರಾ ಆಸೆ. ಈ ತಂಡದ ಐದೂ ಜನ ಮೊದಲನೇ ಜಾತಿಯವರು. ಅದಕ್ಕೇ ನಾನು ಸ್ವಲ್ಪ ಸಡಿಲ ಬಿಟ್ಟೆ ಅನಿಸುತ್ತದೆ.

ತಂಡದಲ್ಲಿ ಕನ್ನಡ ಬರುತ್ತಿದ್ದದ್ದು ಒಬ್ಬ ಹುಡುಗಿಗೆ ಮಾತ್ರ. ಅಪ್ಪ ಅಮ್ಮ ಮಂಗಳೂರು ಕಡೆಯವರು, ಮನೆಮಾತು ತುಳು. ಹುಟ್ಟಿ ಬೆಳೆದದ್ದೆಲ್ಲ ಮುಂಬೈ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರೆಯಲು ಬರುವುದಿಲ್ಲ. ಇಲ್ಲಿ ಇದು ಹೊಸದೇನಲ್ಲ. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚುತ್ತಾ ಬಂದವು, ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು, ಕನ್ನಡ ಕಿವಿಯಲ್ಲಿ ಉಳಿಯಿತು, ಕಣ್ಣಿಗೆ ಬರಲಿಲ್ಲ. ಎಡಿಟಿಂಗ್ ಮಾಡಿದ ಹುಡುಗ ಮರಾಠಿಯವನು. ಒಳ್ಳೆ ಕೈ, ಕನ್ನಡ ಒಂದಕ್ಷರ ಬಾರದು. ಇನ್ನೊಬ್ಬ ಹುಡುಗಿ ಸ್ಕ್ರಿಪ್ಟ್ ಬರೆದವಳು, ವಾದ ಮಾಡಿದರೆ ವಕೀಲರೂ ಸೋಲಬೇಕು, ಅವಳನ್ನು ಬರಹಗಾರ್ತಿ ಅನ್ನೋಣ. ಉಳಿದಿಬ್ಬರು ಕ್ಯಾಮೆರಾ ಮತ್ತು ಸೌಂಡು.

ವಿಷಯ ಹುಡುಕಿದ್ದು ಕನ್ನಡದ ಹುಡುಗಿಯೇ. ಪತ್ರಿಕಾ ಇತಿಹಾಸದ ಕ್ಲಾಸಿನಲ್ಲಿ 1780ರ ಹಿಕ್ಕಿಯ ಬೆಂಗಾಲ್ ಗೆಜೆಟ್, 1822ರ ಗುಜರಾತಿ ಪತ್ರಿಕೆ ಮುಂಬೈ ಸಮಾಚಾರ್, 1832ರ ಮರಾಠಿಯ ದರ್ಪಣ್ ಎಲ್ಲ ಓದುತ್ತಾರೆ. 1843ರಲ್ಲಿ ಮಂಗಳೂರಿನಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ತಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಯಾರ ಬಾಯಲ್ಲೂ ಬರುವುದಿಲ್ಲ. ಒಂದು ದಿನ ಹಾರ್ನಿಮನ್ ಸರ್ಕಲ್ ಹತ್ತಿರ ಮುಂಬೈ ಸಮಾಚಾರದ ಕೆಂಪು ಕಟ್ಟಡ ತೋರಿಸುತ್ತಾ ಇದನ್ನು ಹೇಳಿದೆ. ಹಾಗೇ ಮಾತಿಗೆ ಮಾತು ಬಂದು, ಇದೇ ಫೋರ್ಟ್ ಪ್ರದೇಶದ ಹೋಟೆಲುಗಳಲ್ಲಿ ಹಗಲು ಗ್ಲಾಸು ತೊಳೆದು ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗರ ಕತೆ ಬಂತು. ಮರುದಿನವೇ ಅವಳು 'ಸರ್, ನಮ್ಮ ಪ್ರಾಜೆಕ್ಟ್ ಅದೇ' ಅಂದಳು.

ಅಜ್ಜ ಸಿಕ್ಕಿದ್ದು ಅವಳ ಅಪ್ಪನ ಪರಿಚಯದಿಂದ. ಕುಂದಾಪುರ ಕಡೆಯವರು. 1969ರಲ್ಲಿ, ಹನ್ನೊಂದು ವರ್ಷ ಇದ್ದಾಗ, ಬಸ್ಸಿನಲ್ಲಿ ಬಂದವರು. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಅಲ್ಲಿಯವರೆಗೆ ಊರು ಅಂದರೆ ಬಸ್ಸು, ವಾಂತಿ, ಮತ್ತೆ ಬಸ್ಸು. ಸಣ್ಣ ಹೋಟೆಲೊಂದರಲ್ಲಿ ಗ್ಲಾಸು ತೊಳೆಯಲು ಸೇರಿ, ರಾತ್ರಿಶಾಲೆಯಲ್ಲಿ ಓದಿ, ಕನ್ನಡ ಮಾಧ್ಯಮದಲ್ಲೇ ಎಸ್ಸೆಸ್ಸಿ ಪಾಸಾಗಿ, ಒಂದು ಬ್ಯಾಂಕಿನಲ್ಲಿ ಪ್ಯೂನ್ ಆಗಿ, ಕ್ಲರ್ಕ್ ಆಗಿ ನಿವೃತ್ತರಾದರು. ಈಗ ಡೊಂಬಿವಲಿಯಲ್ಲಿ ಮಗನ ಮನೆ.

ಡಿಸೆಂಬರಿನ ಒಂದು ಭಾನುವಾರ ಅವರ ಮನೆಯಲ್ಲೇ ಶೂಟ್ ಆಯಿತು. 52 ನಿಮಿಷ ಮಾತಾಡಿದರು. ಮಾತಾಡುತ್ತಲೇ ವೀಳ್ಯದೆಲೆಯ ತೊಟ್ಟು ಮುರಿದು, ತೊಡೆಯ ಮೇಲೆ ಒರೆಸಿ, ಉಗುರಿನ ತುದಿಯಲ್ಲಿ ಸುಣ್ಣ ಸವರಿ ಮಡಚುತ್ತಿದ್ದರು. ಕ್ಯಾಮೆರಾ ಹುಡುಗ ಆ ಕೈಗಳನ್ನು ತುಂಬಾ ಹತ್ತಿರದಿಂದ ಹಿಡಿದಿದ್ದ. ಈ ಕೈಗಳ ಮಾತು ಮುಂದೆ ಬರುತ್ತದೆ.

ಶುರುವಾಗುವ ಮೊದಲು ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ಕಾಲೇಜು ಕೊಟ್ಟಿದ್ದ ಒಂದು ಪುಟದ ಇಂಗ್ಲಿಷ್ ಫಾರಂ. ಅಜ್ಜ ಕನ್ನಡಕ ಹಾಕಿಕೊಂಡು, ಗೆರೆಯ ಮೇಲೆ ಚಂದವಾಗಿ ಕನ್ನಡದಲ್ಲಿ ಸಹಿ ಹಾಕಿದರು. 'ಕಾಲೇಜಿಗೆ ಅಲ್ದಾ ಮಗಾ?' ಅಂದರು. ಹುಡುಗಿ 'ಹೌದು ಅಜ್ಜಾ' ಅಂದಳು. ಸುಳ್ಳಲ್ಲ. ಆದರೆ ಪೋರ್ಟ್‌ಫೋಲಿಯೊಗೆ ಸಾರ್ವಜನಿಕ ಲಿಂಕ್ ಬೇಕು ಅಂತ ಕಾಲೇಜು ಹೇಳಿದ್ದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೈ ಬದಲಾದ ಮಾತು

ಎಡವಿದ್ದು ಎಲ್ಲಿ ಅಂತ ಈಗ ಸುಲಭವಾಗಿ ತೋರಿಸಬಹುದು. ಆಗ ಕಾಣಲಿಲ್ಲ.

ಅಜ್ಜ ಮಾತಾಡಿದ್ದು ಕುಂದಾಪುರ ಕನ್ನಡ. ಅದನ್ನು ಕೇಳಿದ್ದು ತುಳು ಮನೆಮಾತಿನ ಹುಡುಗಿ. ಕನ್ನಡ ಬರೆಯಲು ಬಾರದ ಕಾರಣ ಅವಳು ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಾ ನೇರವಾಗಿ ಇಂಗ್ಲಿಷಿನಲ್ಲೇ ಟೈಪ್ ಮಾಡಿದಳು, ಅದೂ ಒಂದೇ ರಾತ್ರಿಯಲ್ಲಿ. ಅಜ್ಜನ ಮಾತು ಅಜ್ಜನ ಭಾಷೆಯಲ್ಲಿ ಎಲ್ಲೂ ಬರಹಕ್ಕೆ ಬರಲೇ ಇಲ್ಲ. ತನ್ನಷ್ಟಕ್ಕೆ ಬರೆದುಕೊಡುವ ಸಾಫ್ಟ್‌ವೇರ್ ಒಂದನ್ನು ಮೊದಲು ನೋಡಿದ್ದರಂತೆ, ಅದಕ್ಕೆ ಕುಂದಾಪುರ ಕನ್ನಡ ತಲೆಬುಡ ಗೊತ್ತಾಗಲಿಲ್ಲ. ಆ ಇಂಗ್ಲಿಷ್ ಟೈಪಿಂಗ್ ನೋಡಿಕೊಂಡು ಮರಾಠಿ ಹುಡುಗ ಎಡಿಟ್ ಮಾಡಿದ. 52 ನಿಮಿಷದಲ್ಲಿ ಮೂರೂವರೆ ನಿಮಿಷ ಉಳಿಯಿತು. ಬರಹಗಾರ್ತಿ ಅದಕ್ಕೆ ಸಬ್‌ಟೈಟಲ್ ತಿದ್ದಿದಳು, ಸಾಲು ಉದ್ದವಾದರೆ ಸ್ಕ್ರೀನಿನಲ್ಲಿ ಹಿಡಿಸುವುದಿಲ್ಲ ಅಂತ ಚಿಕ್ಕದು ಮಾಡಿದಳು.

ಆಮೇಲೆ ನಾನು. ನಾನು ಹುಬ್ಬಳ್ಳಿ ಕಡೆಯವನು, ಕುಂದಾಪುರದವರು ಜೋರಾಗಿ ಮಾತಾಡಿದರೆ ನನಗೂ ಅರ್ಧ ತಪ್ಪುತ್ತದೆ. ಆ ವಾರ ಎಂಟು ತಂಡಗಳ ಚಿತ್ರ ನೋಡಬೇಕಿತ್ತು. ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು, ಫೋನಿನಲ್ಲಿ, ವೇಗ ಒಂದೂವರೆ ಪಟ್ಟು ಮಾಡಿ ನೋಡಿದೆ. ಕನ್ನಡ ಬರುವ ಗೈಡ್ ಕನ್ನಡ ಚಿತ್ರದ ಇಂಗ್ಲಿಷ್ ಸಬ್‌ಟೈಟಲ್ ಓದಿ ಪಾಸು ಮಾಡಿದ. ಇದಕ್ಕಿಂತ ಜಾಸ್ತಿ ವಿವರಿಸಲು ಏನೂ ಇಲ್ಲ.

ಫೋನು ಬಂತು

ಫೆಬ್ರವರಿ ಮೊದಲ ವಾರ ಚಿತ್ರ ಅಪ್‌ಲೋಡ್ ಆಯಿತು. ವಿದ್ಯಾರ್ಥಿ ಚಿತ್ರಕ್ಕೆ ನೂರಿನ್ನೂರು ಜನ ನೋಡಿದರೆ ಹೆಚ್ಚು. ಇದನ್ನು ನಾಲ್ಕು ದಿನದಲ್ಲಿ ಎರಡು ಸಾವಿರ ಜನ ನೋಡಿದರು. ಯಾರೋ ಒಂದು ನಿಮಿಷದ ತುಂಡು ಕತ್ತರಿಸಿ ಊರಿನವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಆ ಒಂದು ನಿಮಿಷದಲ್ಲಿ ಇದ್ದದ್ದು ಇಷ್ಟು: ಹನ್ನೊಂದು ವರ್ಷಕ್ಕೆ ಬಂದೆ, ಧಣಿಗಳು ಹೊಡೆಯುತ್ತಿದ್ದರು, ಒಂದು ಸಲ ಸೌಟಿನಲ್ಲಿ ಹೊಡೆದರು, ಮನೆಗೆಲಸದ ಆಳಿನ ಹಾಗೆ ಇಟ್ಟುಕೊಂಡಿದ್ದರು. ಹಿಂದೆ ವಯಲಿನ್.

ಎರಡು ಕಡೆಯಿಂದ ಫೋನು ಬಂತು. ಒಂದು, ಹೋಟೆಲ್ ಧಣಿಗಳ ಮೊಮ್ಮಗನದು. ಧಣಿಗಳು ತೀರಿಹೋಗಿ ವರ್ಷಗಳಾಗಿವೆ. ಚಿತ್ರದಲ್ಲಿ ಹೋಟೆಲಿನ ಹೆಸರು ಹೇಳಿರಲಿಲ್ಲ, ಆದರೆ ಎರಡು ಸೆಕೆಂಡಿನ ಒಂದು ಶಾಟಿನಲ್ಲಿ ಬೋರ್ಡಿನ ಅರ್ಧ ಕಾಣುತ್ತಿತ್ತು. ಗೊತ್ತಿದ್ದವರಿಗೆ ಅರ್ಧ ಸಾಕು. ಆತ ಕಾಲೇಜಿಗಾಗಲೀ ನನಗಾಗಲೀ ಮಾಡಲಿಲ್ಲ, ನೇರ ಹುಡುಗಿಯ ಅಪ್ಪನಿಗೆ ಮಾಡಿದ. ಇಬ್ಬರೂ ಒಂದೇ ಸಂಘದವರು. ಅಪ್ಪ ಮನೆಗೆ ಬಂದು 'ಸುಮ್ನೆ ತೆಗೆದು ಹಾಕು ಮಾರಾಯ್ತಿ, ನಾಳೆ ಅವರ ಮುಖ ಹೇಗೆ ನೋಡುವುದು ನಾನು' ಅಂದರಂತೆ.

ಎರಡನೆಯದು ಅಜ್ಜನದು. ಹುಡುಗಿಗೆ ಫೋನ್ ಮಾಡಿ ಒಂದೇ ಮಾತು, 'ಅದನ್ನ ತೆಗೀರಿ.' ಯಾಕೆ ಅಂತ ಅವಳು ಕೇಳಲಿಲ್ಲ. ಅವಳಿಗೆ ಅಷ್ಟರಲ್ಲಿ ಎಲ್ಲ ಅರ್ಥವಾಗಿತ್ತು, ಧಣಿಗಳ ಮನೆಯವರು ಅಜ್ಜನಿಗೂ ಫೋನ್ ಮಾಡಿ ಹೆದರಿಸಿದ್ದಾರೆ, ಬಡ ಮನುಷ್ಯ, ಅದಕ್ಕೇ ಹೀಗೆ ಹೇಳುತ್ತಿದ್ದಾರೆ. ನನಗೆ ಹೇಳಿದಳು, ನಾನೂ ಹಾಗೇ ಅಂದುಕೊಂಡೆ. ಇಷ್ಟು ಸಲೀಸಾಗಿ ಕೂತುಕೊಳ್ಳುವ ಕತೆ ಸಿಕ್ಕಿದರೆ ಪತ್ರಕರ್ತನಿಗೆ ಅನುಮಾನ ಬರಬೇಕು ಅಂತ ನಾನೇ ಕ್ಲಾಸಿನಲ್ಲಿ ಹೇಳುವವನು.

ಹತ್ತು ದಿನದ ಒದ್ದಾಟ

ತಂಡ ಎರಡಾಯಿತು. ತೆಗೆದುಬಿಡೋಣ ಅಂತ ಕನ್ನಡದ ಹುಡುಗಿ ಮತ್ತು ಸೌಂಡಿನವನು. ತೆಗೆಯಬಾರದು ಅಂತ ಬರಹಗಾರ್ತಿ. ಅವಳ ವಾದ ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ದುಡ್ಡಿದ್ದವರು ಫೋನ್ ಮಾಡಿದ ಕೂಡಲೇ ಬಡವನ ಮಾತು ಅಳಿಸುವುದಾದರೆ ಮೂರು ವರ್ಷ ಏನು ಓದಿದ್ದು ನಾವು, ಅಂತ. ಮಾರ್ಕ್ಸ್ ಪ್ರಶ್ನೆಯೂ ಇತ್ತು. ಸಬ್ಮಿಷನ್ ಆಗಿಹೋಗಿದೆ, ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಮೂರು ವಾರ, ಚಿತ್ರವೇ ಇಲ್ಲ ಅಂದರೆ ಏನು ತೋರಿಸುವುದು?

ಅದರ ನಡುವೆ ಎಡಿಟರ್ ಹುಡುಗ ರಾತ್ರಿ ಎರಡು ಗಂಟೆಗೆ ಗುಂಪಿನಲ್ಲಿ ಕಾನೂನು ಹಾಕಿದ. ಸತ್ತವರ ಬಗ್ಗೆ ಹೇಳಿದರೆ ಮಾನನಷ್ಟ ಆಗುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಹಾಗೆ ಹೇಳುವುದಿಲ್ಲ. ಬದುಕಿದ್ದರೆ ಅವರ ಮಾನಕ್ಕೆ ಧಕ್ಕೆ ತರುತ್ತಿದ್ದ ಮಾತು, ಮನೆಯವರನ್ನು ನೋಯಿಸುವ ಉದ್ದೇಶದ್ದು ಆಗಿದ್ದರೆ, ಸತ್ತವರ ಬಗ್ಗೆ ಹೇಳಿದರೂ ಮಾನನಷ್ಟ ಆಗಬಹುದು. ಹಳೇ ಐಪಿಸಿಯ 499ರಲ್ಲೂ ಇದೇ ಇತ್ತು. ನೋಯಿಸುವ ಉದ್ದೇಶ ಹುಡುಗರಿಗೆ ಎಲ್ಲಿತ್ತು, ಕೇಸು ನಿಲ್ಲುತ್ತಿರಲಿಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಇಪ್ಪತ್ತು ವರ್ಷದ ಮಕ್ಕಳು ರಾತ್ರಿ ಎರಡು ಗಂಟೆಗೆ ಕಲಂ ನಂಬರ್ ನೋಡಿದರೆ ನಿದ್ದೆ ಬರುತ್ತದಾ?

ಮೊದಲು ಮಾಡಿದ್ದು ವಿಡಿಯೊವನ್ನು ಅನ್‌ಲಿಸ್ಟೆಡ್ ಮಾಡಿದ್ದು. ಪೂರ್ತಿ ತೆಗೆಯಲಿಲ್ಲ, ಮಾರ್ಕ್ಸಿಗೆ ಲಿಂಕ್ ಬೇಕಲ್ಲ. ಅನ್‌ಲಿಸ್ಟೆಡ್ ಅಂದರೆ ಲಿಂಕ್ ಇದ್ದವರು ನೋಡಬಹುದು. ಲಿಂಕ್ ಯಾರ ಹತ್ತಿರ ಇತ್ತು? ನೋಡಬಾರದವರೆಲ್ಲರ ಹತ್ತಿರವೂ ಇತ್ತು.

ಆಮೇಲೆ ಅಜ್ಜನ ಗುರುತು ಮರೆಸಲು ಕೂತರು. ಮುಖಕ್ಕೆ ಬ್ಲರ್. ಹೆಸರಿನ ಪಟ್ಟಿ ತೆಗೆದರು. ಧ್ವನಿ ಸ್ವಲ್ಪ ದಪ್ಪ ಮಾಡಿದರು. ಮೂರು ರಾತ್ರಿ ಹಿಡಿಯಿತು, ಅಜ್ಜ ಸುಮ್ಮನೆ ಕೂರುವವರಲ್ಲ, ತಲೆ ಅಲ್ಲಾಡಿಸುತ್ತಲೇ ಇರುತ್ತಾರೆ, ಬ್ಲರ್ ಪೆಟ್ಟಿಗೆಯನ್ನು ಫ್ರೇಮ್ ಫ್ರೇಮಿಗೂ ಎಳೆಯಬೇಕು. ಎಲ್ಲ ಮುಗಿಸಿ ಹುಡುಗಿ ಅದನ್ನು ಅಪ್ಪನಿಗೆ ತೋರಿಸಿದಳು. ಅಪ್ಪ ಮೂರನೇ ಸೆಕೆಂಡಿಗೆ 'ಇವರೇ ಅಲ್ವಾ' ಅಂದರು. ಎಲೆ ಮಡಚುವ ಕೈಗಳು ಹಾಗೇ ಇದ್ದವು. ಆ ಕೈ, ಆ ಸುಣ್ಣದ ಡಬ್ಬಿ, ಆ ರಾಗ. ಮುಖ ಯಾರಿಗೆ ಬೇಕಿತ್ತು.

ಆ ಬ್ಲರ್ ಆದ ಪ್ರತಿಯನ್ನೇ ಅಜ್ಜನಿಗೆ ಕಳಿಸಿದರು, ಈಗ ಸರಿನಾ ಅಂತ. ಅಜ್ಜನಿಂದ ವಾಯ್ಸ್ ಮೆಸೇಜ್ ಬಂತು. 'ಇದೆಂತ ಮಗಾ, ಪೊಲೀಸ್ರ್ ಹಿಡ್ಕಂಡ್ ಬಂದವ್ನ ಹಾಂಗೆ ಮಾಡಿ ಇಟ್ಟಿದ್ರಿ?'

ಅವರು ಹೇಳಿದ್ದು ಸರಿ. ಟಿವಿಯಲ್ಲಿ ಮುಖ ಮಸುಕು ಮಾಡಿ ತೋರಿಸುವುದು ಹೆಚ್ಚಾಗಿ ಯಾರನ್ನು? ರಕ್ಷಣೆ ಅಂತ ನಾವು ಹಾಕಿದ ಮುಸುಕು ಅವರಿಗೆ ಅವಮಾನವಾಗಿ ಕಂಡಿತು. ಹುಡುಗಿ ಆ ಮೆಸೇಜನ್ನು ನನಗೆ ಕೇಳಿಸಿದಾಗ ಮೊದಲ ಸಲ ನನಗೆ ಅನುಮಾನ ಬಂತು. ಹೆದರಿದ ಮನುಷ್ಯ ಹೀಗೆ ಮಾತಾಡುವುದಿಲ್ಲ. ಧ್ವನಿಯಲ್ಲಿ ಭಯ ಇರಲಿಲ್ಲ, ಸಿಟ್ಟಿತ್ತು.

ಡೊಂಬಿವಲಿಯ ಭಾನುವಾರ

ನಾನು, ಕನ್ನಡದ ಹುಡುಗಿ, ಎಡಿಟರ್ ಹುಡುಗ ಮೂವರೂ ಹೋದೆವು. ಅವನು ಲ್ಯಾಪ್‌ಟಾಪ್ ತಂದಿದ್ದ, ಅದು ಪುಣ್ಯ. ಅಜ್ಜಿ ಚಹಾ, ಅವಲಕ್ಕಿ ಕೊಟ್ಟರು. ಯಾರೂ ವಿಷಯ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ, ಧಣಿಗಳ ಮನೆಯವರು ಏನಾದರೂ ಅಂದರಾ?

'ಅವ್ರ್ ಫೋನ್ ಮಾಡಿದ್ರ್. ಮಾಡ್ಲಿ. ಹೊಡದದ್ದ್ ಹೌದಲ್ದಾ? ನಾನ್ ಸುಳ್ಳ್ ಹೇಳ್ಳಿಲ್ಲೆ.'

ಹಾಗಾದರೆ ಬೇಜಾರಾದದ್ದು ಯಾವುದಕ್ಕೆ?

ಅಜ್ಜ ಒಳಗೆ ನೋಡಿ ಮೊಮ್ಮಗನನ್ನು ಕರೆದರು. ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮಾಧ್ಯಮ. ಅವನಿಗೆ ಕನ್ನಡ ಕೇಳಿದರೆ ಅಷ್ಟಕ್ಕಷ್ಟೇ, ಸಬ್‌ಟೈಟಲ್ ಓದಿಕೊಂಡೇ ಅಜ್ಜನ ಚಿತ್ರ ನೋಡಿದ್ದ. ಫೋನಿನಲ್ಲಿ ಆ ಒಂದು ನಿಮಿಷದ ತುಂಡು ತೆಗೆದು, ಒಂದು ಕಡೆ ನಿಲ್ಲಿಸಿ, ಓದಿದ. 'ಹೌಸ್ ಸರ್ವೆಂಟ್' ಅಂತ ಇತ್ತು. ಅದನ್ನು ಓದಿದ ದಿನ ಅವನು ಅಜ್ಜನನ್ನು ಕೇಳಿದ್ದನಂತೆ, ನೀವು ಅವರ ಮನೆಯಲ್ಲಿ ಪಾತ್ರೆ ತೊಳೀತಿದ್ರಾ, ಮತ್ತೆ ನಮಗೆ ಯಾಕೆ ಹೇಳಲಿಲ್ಲ?

ಅಜ್ಜ ಹುಡುಗಿಯ ಕಡೆ ತಿರುಗಿದರು. 'ನಾನ್ ಯಾವಾಗ ಹಾಂಗ್ ಹೇಳಿದ್ದೆ ಮಗಾ?'

ಎಡಿಟರ್ ಹುಡುಗ ರಾ ಫುಟೇಜ್, ಅಂದರೆ ಕತ್ತರಿ ಹಾಕದ ಮೂಲ ವಿಡಿಯೊ, ತೆಗೆದ. ಅರ್ಧ ಗಂಟೆ ದಾಟಿದ ಮೇಲಿನ ಭಾಗ. ಎಲ್ಲರೂ ಲ್ಯಾಪ್‌ಟಾಪಿನ ಸುತ್ತ ಬಗ್ಗಿ ಕೇಳಿದೆವು. ಅಜ್ಜನ ಮಾತು ಹೀಗಿತ್ತು: 'ಗ್ಲಾಸ್ ಒಡದ್ರೆ ಸಂಬ್ಳದಗೆ ಹಿಡೀತಿದ್ರ್. ಹೊಡದದ್ದೂ ಹೌದ್. ಒಂದ್ ಸರ್ತಿ ಶಾಲಿ ತಪ್ಸಿ ಸಿನೆಮಾಕ್ಕೆ ಹೋಯಿದ್ದೆ, ಕೈಯಗೆ ಇದ್ದದ್ದ್ ತಕಂಡ್ ಒಂದ್ ಬಿಟ್ರ್.' ಇಲ್ಲಿ ಹುಡುಗಿ 'ಸೌಟಲ್ಲಿಯಾ ಅಜ್ಜಾ?' ಅಂತ ಕೇಳುತ್ತಾಳೆ, ಅವರು 'ಹ್ಞೂಂ' ಅಂತಾರೆ. ಅಷ್ಟರಲ್ಲಿ ಅಡುಗೆಮನೆಯಿಂದ ಕುಕ್ಕರ್ ಸೀಟಿ ಹೊಡೆಯಲು ಶುರುವಾಗುತ್ತದೆ. ಒಂದು, ಎರಡು, ಮೂರು. ಆ ಸೀಟಿಗಳ ನಡುವೆ ಅಜ್ಜ ಹೇಳುತ್ತಾರೆ, ಶಾಲೆಗೆ ಹೆಸರು ಬರೆಸಿದ್ದು ಧಣಿಗಳೇ, ಪರೀಕ್ಷೆ ವಾರ ಬೇಗ ಬಿಡುತ್ತಿದ್ದರು. ಆಮೇಲೆ: 'ಆದ್ರೆ ಅವ್ರ್ ನನ್ನ್ ಮನಿ ಮಾಣಿ ಹಾಂಗೇ ಇಟ್ಕಂಡಿದ್ರ್.'

ಕುಂದಾಪುರ ಕಡೆ ಮಾಣಿ ಅಂದರೆ ಹುಡುಗ, ಮನೆಯ ಗಂಡುಮಗು. ಮನಿ ಮಾಣಿ ಅಂದರೆ ಮನೆಯ ಹುಡುಗ. ನಮ್ಮ ಹುಡುಗಿಗೆ ಮಾಣಿ ಗೊತ್ತಿದ್ದದ್ದು ಹೋಟೆಲಿನಿಂದ. ಅಪ್ಪನ ಜೊತೆ ಊಟಕ್ಕೆ ಹೋದಾಗ 'ಮಾಣಿ, ನೀರು' ಅಂತ ಕರೆಯುವುದನ್ನು ಕೇಳಿದ್ದಳು. ಹೋಟೆಲ್ ಮಾಣಿ ಸಪ್ಲೈಯರ್ ಆದರೆ ಮನಿ ಮಾಣಿ ಮನೆಗೆಲಸದವನು ತಾನೇ? ಅವಳ ಲೆಕ್ಕದಲ್ಲಿ ತಪ್ಪೇನಿಲ್ಲ. ಗೊತ್ತಿದ್ದ ಶಬ್ದ ಅಂತ ಅನಿಸಿದ್ದೇ ತೊಂದರೆ. ಗೊತ್ತಿಲ್ಲದಿದ್ದರೆ ಕೇಳುತ್ತಿದ್ದಳು.

ಎಡಿಟರ್ ಹುಡುಗನದು ಇನ್ನೂ ಪಾಪದ ಕತೆ. ಅವನು ಯಾರಿಗೂ ಮೋಸ ಮಾಡಲು ಕತ್ತರಿ ಹಾಕಿರಲಿಲ್ಲ. ಕುಕ್ಕರ್ ಸೀಟಿಯಿಂದ ಆಡಿಯೊ ಹಾಳಾಗಿದೆ ಅಂತ 40 ಸೆಕೆಂಡ್ ಹಾರಿಸಿದ. ಸಿನೆಮಾಕ್ಕೆ ಹೋದದ್ದನ್ನು, ಉದ್ದವಾಯಿತು ಅಂತ ಬಿಟ್ಟ. 'ಆದ್ರೆ' ಅನ್ನುವ ಒಂದು ಪದ ಕಟ್ಟಿನ ಅಂಚಿಗೆ ಸಿಕ್ಕಿ ಹೋಯಿತು. ಕನ್ನಡ ಬಾರದವನಿಗೆ ಆ ಎರಡಕ್ಷರ ಉಸಿರೆಳೆದ ಹಾಗೆ ಕೇಳಿಸಿದರೆ ಆಶ್ಚರ್ಯವೇನು. ಕೂಡಿಸಿದಾಗ ಬಂದದ್ದು ಹೊಡೆತ, ಆಮೇಲೆ ಆಳು.

ಹುಡುಗಿ ಅತ್ತಳು. ಅಜ್ಜಿ 'ಅಳ್ಬೇಡ ಹೆಣ್ಣೇ' ಅಂತ ಇನ್ನೊಂದು ತಟ್ಟೆ ಅವಲಕ್ಕಿ ಹಾಕಿದರು. ಅಲ್ಲಿ ಕೂತೇ ವಿಡಿಯೊ ಪೂರ್ತಿ ತೆಗೆದೆವು. ಮಾರ್ಕ್ಸ್ ಏನಾದರೂ ಆಗಲಿ, ನಾನು ಬರೆದು ಕೊಡುತ್ತೇನೆ ಅಂದೆ.

ಎರಡನೇ ಎಡಿಟ್

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಬರೀ ಅನುವಾದದ ತಪ್ಪಿನ ಕತೆ ಆಗುತ್ತಿತ್ತು. ಬರಹಗಾರ್ತಿ ಬಿಡಲಿಲ್ಲ. ಕಾಲೇಜಿನಲ್ಲಿ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದಳು. ಹನ್ನೊಂದು ವರ್ಷದ ಮಗು ಗ್ಲಾಸು ತೊಳೆದದ್ದು, ಏಟು ತಿಂದದ್ದು, ಒಡೆದ ಗ್ಲಾಸಿಗೆ ಸಂಬಳ ಕಳೆದುಕೊಂಡದ್ದು ಪ್ರೀತಿಯಿಂದ ಇಟ್ಟುಕೊಂಡಿದ್ದರು ಅಂದ ಕೂಡಲೇ ಸರಿಹೋಯಿತಾ? ಈಗ ನೀವೆಲ್ಲ ಸೇರಿ ಧಣಿಗಳನ್ನು ದೇವರು ಮಾಡುತ್ತೀರಿ.

ಅವಳ ಮಾತಲ್ಲಿ ಹುರುಳಿತ್ತು. ಮೊದಲ ಎಡಿಟ್ ಒಂದು ಕಡೆ ವಾಲಿದ್ದರೆ, ತಪ್ಪಿತಸ್ಥ ಭಾವನೆಯಲ್ಲಿ ನಾವು ಎರಡನೆಯದನ್ನು ಇನ್ನೊಂದು ಕಡೆ ಎಳೆಯುತ್ತಿದ್ದೆವು. ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದರ ವಿರುದ್ಧ ಈಗಿರುವ ಕೇಂದ್ರ ಕಾಯ್ದೆ ಬಂದದ್ದು 1986ರಲ್ಲಿ, ಹೋಟೆಲು ಧಾಬಾಗಳು ಆ ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರಿನಲ್ಲಿ. 1969ರಲ್ಲಿ ಫೋರ್ಟಿನಲ್ಲಿ ಇದು ಯಾರಿಗೂ ಸುದ್ದಿಯೇ ಆಗಿರಲಿಲ್ಲ. ಹಾಗಂತ ಅದು ಸರಿ ಅಂತಲೂ ಆಗುವುದಿಲ್ಲ. ಈ ಎರಡು ಸಾಲನ್ನು ಅವಳೇ ಬರೆದು ಚಿತ್ರಕ್ಕೆ ಸೇರಿಸಿದಳು.

ಕೊನೆಗೆ ತೀರ್ಮಾನ ಮಾಡಿದ್ದು ಅಜ್ಜನೇ. ಹೊಸ ಪ್ರತಿ ತೋರಿಸಲು ಹೋದಾಗ ಅದರಲ್ಲಿ ಗ್ಲಾಸಿನ ಮಾತು ಇರಲಿಲ್ಲ, ಹುಡುಗಿ ಹೆದರಿ ತೆಗೆದಿದ್ದಳು. ಅಜ್ಜ ಅದನ್ನು ವಾಪಸ್ ಹಾಕಿಸಿದರು. 'ಗ್ಲಾಸಿಂದ್ ಬಿಡ್ಬೇಡಿ. ಅದೂ ಹೌದ್, ಇದೂ ಹೌದ್.' ಒಟ್ಟು ಒಂದು ನಿಮಿಷ 20 ಸೆಕೆಂಡ್ ಉದ್ದವಾಯಿತು. ಕುಕ್ಕರ್ ಸೀಟಿ ಹಾಗೇ ಉಳಿಯಿತು. ನೋಡಿದರೆ ಈಗ ಅದೇ ಚಿತ್ರದ ಒಳ್ಳೆ ಜಾಗ.

'ಮನಿ ಮಾಣಿ'ಗೆ ಇಂಗ್ಲಿಷ್ ಏನು ಹಾಕುವುದು ಅಂತ ಎರಡು ದಿನ ಹೋಯಿತು. ಮಗ ಅಂದರೆ ಜಾಸ್ತಿ ಸಿಹಿ, ಹುಡುಗ ಅಂದರೆ ಸಪ್ಪೆ. ಕಡೆಗೆ ಮಾಣಿ ಅಂತಲೇ ಬಿಟ್ಟು, ಹುಡುಗಿ ತನ್ನ ಧ್ವನಿಯಲ್ಲಿ ಎರಡು ಮಾತು ಸೇರಿಸಿದಳು, ಈ ಶಬ್ದವನ್ನು ನಾನು ಮೊದಲು ತಪ್ಪಾಗಿ ತಿಳಿದುಕೊಂಡು ಹಾಗೇ ಪ್ರಕಟಿಸಿದ್ದೆ, ಅದರ ಅರ್ಥ ಇದು, ಅಂತ. ತಪ್ಪು ಗೊತ್ತಾದ ಕೂಡಲೇ ತಿದ್ದುಪಡಿ ಹಾಕಬೇಕು ಅಂತ ಪ್ರೆಸ್ ಕೌನ್ಸಿಲ್ಲಿನ ನಿಯಮಾವಳಿ ಹೇಳುತ್ತದೆ, ಪರೀಕ್ಷೆಗೆ ಎಲ್ಲರೂ ಬರೆಯುತ್ತಾರೆ. ಆ ಕೌನ್ಸಿಲ್ಲಿನ ಅಧಿಕಾರ ಅಚ್ಚಾಗುವ ಪತ್ರಿಕೆಗಳಿಗೆ, ಸುದ್ದಿಸಂಸ್ಥೆಗಳಿಗೆ ಮಾತ್ರ, ಇಂಥ ವಿಡಿಯೊಗೆ ಅಲ್ಲ. ಯಾರೂ ಕೇಳದಿದ್ದರೂ ಹುಡುಗಿ ಹಾಕಿದಳು.

ಧಣಿಗಳ ಮೊಮ್ಮಗನ ದೂರನ್ನು ಬೇರೆಯಾಗಿಯೇ ನೋಡಿದೆವು. ಮೊದಲು ಎರಡನ್ನೂ ಕಲಸಿಕೊಂಡದ್ದೇ ನಮ್ಮ ದೊಡ್ಡ ಎಡವಟ್ಟು. ಬೋರ್ಡಿನ ಶಾಟ್ ಕತೆಗೆ ಬೇಕಿರಲಿಲ್ಲ, ತೆಗೆದೆವು. ಹೊಡೆದ ಮಾತು ತೆಗೆಯುವುದಿಲ್ಲ ಅಂತ ಹೇಳಿದೆವು. ನಿಮ್ಮ ಕಡೆಯ ಮಾತು ಹೇಳಿ, ಸೇರಿಸುತ್ತೇವೆ ಅಂದೆವು. ಇದನ್ನು ಅಪ್‌ಲೋಡ್ ಮಾಡುವ ಮೊದಲೇ ಕೇಳಬೇಕಿತ್ತು, ಯಾರಿಗೂ ಹೊಳೆದಿರಲಿಲ್ಲ. ಆತ ಒಪ್ಪಲಿಲ್ಲ. ಕುಟುಂಬದವರು ಮಾತಾಡಲು ಇಷ್ಟಪಡಲಿಲ್ಲ ಅಂತ ಕೊನೆಯಲ್ಲಿ ಒಂದು ಸಾಲು ಇದೆ. ಹುಡುಗಿಯ ಅಪ್ಪನ ಜೊತೆ ಆತ ಈಗಲೂ ಸರಿಯಾಗಿ ಮಾತಾಡುವುದಿಲ್ಲವಂತೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಒಂದೇ ವಿಷಯ ಹಿಡಿದುಕೊಂಡರು. ಸಂದರ್ಶನ ಕೊಟ್ಟವರಿಗೆ ಪ್ರಕಟಣೆಗೆ ಮೊದಲು ತೋರಿಸುವುದು ಪತ್ರಿಕೋದ್ಯಮದಲ್ಲಿ ಇಲ್ಲ, ನೀವು ಹೇಗೆ ತೋರಿಸಿದಿರಿ? ಬರಹಗಾರ್ತಿ ಉತ್ತರ ಕೊಟ್ಟಳು. ಮಂತ್ರಿಗೆ ತೋರಿಸುವುದಿಲ್ಲ ಸರ್, ಮಂತ್ರಿಗೆ ಇಂಗ್ಲಿಷ್ ಗೊತ್ತಿರುತ್ತದೆ, ತಪ್ಪಾದರೆ ನಾಳೆ ಪತ್ರಿಕಾಗೋಷ್ಠಿ ಕರೆಯುತ್ತಾರೆ, ಅಜ್ಜನಿಗೆ ಎರಡೂ ಇಲ್ಲ. ಪರೀಕ್ಷಕರು ಪೂರ್ತಿ ಒಪ್ಪಲಿಲ್ಲ. ನಾನು ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ಪರೀಕ್ಷಕರ ಕಡೆಯೇ ಇದ್ದವನು. ಈಗ ಬರಹಗಾರ್ತಿಯ ಕಡೆ ವಾಲಿದ್ದೇನೆ, ಆದರೆ ಪೂರ್ತಿ ಬಿದ್ದಿಲ್ಲ.

ಆಮೇಲೆ ಬದಲಾದದ್ದು

ಈ ವರ್ಷದ ಬ್ಯಾಚಿಗೆ ನಾನು ಕೆಲವು ಪಟ್ಟು ಹಿಡಿದಿದ್ದೇನೆ. ಮಾತಾಡಿದ ಭಾಷೆಯಲ್ಲೇ ಮೊದಲು ಮಾತನ್ನು ಬರೆದಿಡಬೇಕು. ಕನ್ನಡ ಅಕ್ಷರ ಬಾರದವರು ದೇವನಾಗರಿಯಲ್ಲಿ ಬರೆಯಲಿ. ಮುಂಬೈ ಮಕ್ಕಳಿಗೆಲ್ಲ ಅದು ಬರುತ್ತದೆ, 'ಮನಿ ಮಾಣಿ' ಅಂತ ದೇವನಾಗರಿಯಲ್ಲಿ ಇದ್ದಿದ್ದರೆ ಯಾರಾದರೂ ಒಬ್ಬರು ಏನಿದು ಅಂತ ಕೇಳುತ್ತಿದ್ದರು. ಸಬ್‌ಟೈಟಲನ್ನು ಮಾತಾಡಿದವರಿಗೆ ಅವರ ಭಾಷೆಗೆ ತಿರುಗಿಸಿ ಓದಿ ಹೇಳಬೇಕು. ಅವರು ಹಿಡಿಸಲಿಲ್ಲ ಅಂದದ್ದೆಲ್ಲ ತೆಗೆಯಬೇಕಾಗಿಲ್ಲ, ತಪ್ಪಾಗಿದೆ ಅಂದದ್ದನ್ನು ರಾ ಫುಟೇಜ್ ಇಟ್ಟುಕೊಂಡು ನೋಡಬೇಕು.

ಫಾರಂ ಈಗ ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕರಲ್ಲೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆ ಕೇಳುವಾಗ ಇಂಗ್ಲಿಷ್ ಇಲ್ಲವೇ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಅನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು ಅಂತಲೂ ಇದೆ. ಕಾಲೇಜು ಪ್ರಾಜೆಕ್ಟಿಗೆ ಅದು ಎಷ್ಟು ಅನ್ವಯ ಅಂತ ವಕೀಲರು ಜಗಳಾಡಲಿ, ಅದರ ರೀತಿ ನನಗೆ ಹಿಡಿಸಿತು. ಕಾಲೇಜಿನೊಳಗೆ ತೋರಿಸಲು ಒಂದು ಸಹಿ, ಸಾರ್ವಜನಿಕ ಲಿಂಕಿಗೆ ಬೇರೆ ಸಹಿ, ತುಂಡು ಮಾಡಿ ಹಾಕಲು ಇನ್ನೊಂದು.

ಇದರಿಂದ ನಷ್ಟವೂ ಆಗಿದೆ. ಈ ಸಲ ಒಂದು ತಂಡ ಮೀನು ಮಾರುವ ಹೆಂಗಸೊಬ್ಬರ ಸಂದರ್ಶನ ಮಾಡಿ, ಎಡಿಟ್ ತೋರಿಸಲು ಹೋಗಿ, ಸಹಿ ಸಿಗದೆ ಬರಿಗೈಲಿ ಬಂತು. ಒಳ್ಳೆ ಕೆಲಸವಾಗಿತ್ತು. ಹುಡುಗರು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಆ ಹಳೇ ಒಂದು ನಿಮಿಷದ ತುಂಡಂತೂ ಈಗಲೂ ಎಲ್ಲೋ ಓಡಾಡುತ್ತಿದೆ, ಹೋದ ತಿಂಗಳು ನನ್ನ ಭಾವನಿಗೇ ಬಂದಿತ್ತು. ವಾಟ್ಸ್ಯಾಪಿನಲ್ಲಿ ಹೋದದ್ದನ್ನು ಯಾರು ಹಿಡಿಯುತ್ತಾರೆ?

ಈ ಬರಹವನ್ನು ಹಾಕುವ ಮೊದಲು ಅಜ್ಜನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಮುಕ್ಕಾಲು ಗಂಟೆ ಹಿಡಿಯಿತು. ನಡುವೆ ಎರಡು ಸಲ ನಕ್ಕರು. ಎಲ್ಲ ಸರಿ ಇದೆಯಾ ಅಂತ ಕೇಳಿದೆ.

'ಎಲ್ಲ ಸಮ ಇತ್ತ್. ಒಂದ್ ಮಾತ್ರ. ಅದ್ ಸೌಟಲ್ಲ ಮಾಷ್ಟ್ರೆ, ಝಾರ. ಅವ್ರ್ ಬಜಿ ಕರಿತಿದ್ರ್ ಆವತ್ತ್.'

ಮತ್ತೆ ಶೂಟ್ ದಿನ ಹುಡುಗಿ ಸೌಟಾ ಅಂತ ಕೇಳಿದಾಗ ಹ್ಞೂಂ ಅಂದಿರಲ್ಲ, ಅಂದೆ.

'ಅವ್ಳ್ ಹಾಂಗೆ ಕೇಣ್ತ್, ನಾನ್ ಹ್ಞೂಂ ಅಂದೆ. ಈಗ ಬರ್ಕಣಿ.'